ಬೇಡರ ಕೆರೆಯಲ್ಲಿ ಹಕ್ಕಿಗಳು

1

ಸುರಪುರ ಸೀಮೆಯ ಬೋನಾಳ ಕೆರೆಗೆ ಚಳಿಗಾಲ ಬಂತೆಂದರೆ ಹಿಮಾಲಯ ದಾಟಿ ಹಕ್ಕಿಗಳು ಬರುತ್ತವೆ. ಟಿಬೆಟ್, ಮಂಗೋಲಿಯಾ ಕಡೆಯ ಪಟ್ಟೆತಲೆ ಬಾತು ಬರುತ್ತದೆ. ಹಳೆಯ ಕವಿಗಳು ವಿರಹದ ಹಕ್ಕಿ ಅಂತ ಕರೆದ ಚಕ್ರವಾಕ ಬರುತ್ತದೆ. ಕೆನ್ನೀಲಿ ಬಕ, ಬಿಳಿ ಕತ್ತಿನ ಕೊಕ್ಕರೆ, ಬಿಳಿ ಕೆಂಬರಲು, ಕರಿ ಕೆಂಬರಲು ಇಲ್ಲಿ ಕಾಣುತ್ತವೆ. ರಂಗನತಿಟ್ಟು ಬಿಟ್ಟರೆ ರಾಜ್ಯದಲ್ಲಿ ಇದೇ ದೊಡ್ಡ ಪಕ್ಷಿಧಾಮ ಎಂದು ಪ್ರವಾಸಿ ಪುಸ್ತಕಗಳು ಬರೆಯುತ್ತವೆ. ಕೆರೆಯ ಚರಿತ್ರೆಯನ್ನು ಮಾತ್ರ ಎರಡು ಸಾಲಿನಲ್ಲಿ ಮುಗಿಸುತ್ತವೆ. 17ನೇ ಶತಮಾನದಲ್ಲಿ ಸುರಪುರದ ದೊರೆ ಪಾಮನಾಯಕ ಕಟ್ಟಿಸಿದ. 19ನೇ ಶತಮಾನದಲ್ಲಿ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ದುರಸ್ತಿ ಮಾಡಿಸಿದ. ಮುಗೀತು.

ಎರಡು ಹೆಸರು. ಇಬ್ಬರೂ ಮಣ್ಣಿನ ಬುಟ್ಟಿ ಹೊತ್ತವರಲ್ಲ.

ಕಾಡು, ಕೆರೆ, ಪ್ರಾಣಿ, ಪಕ್ಷಿ ಉಳಿದ ಚರಿತ್ರೆ ಎಂದರೆ ದೊರೆಗಳ, ಸಾಹೇಬರ, ಕಾಯಿದೆಗಳ ಚರಿತ್ರೆಯಷ್ಟೇ ಏನು? ಈ ನೆಲದ ಮಂದಿ ಅದರೊಳಗೆ ಬಂದರೆ ಕಳ್ಳಬೇಟೆಗಾರರಾಗಿಯೇ ಬರಬೇಕೇನು, ಒತ್ತುವರಿದಾರರಾಗಿಯೇ ಬರಬೇಕೇನು? ಯಾದಗಿರಿ, ಶಹಾಪುರ, ಸುರಪುರದ ನೆಲವನ್ನು ಮುಂದಿಟ್ಟುಕೊಂಡು ನಾವು ಇದನ್ನು ಕೇಳುತ್ತಿದ್ದೇವೆ. ಕೇಳುವ ಹಕ್ಕು ನಮಗಿದೆ. ಈ ನೆಲವನ್ನು ಕಾಲಿನಿಂದ ಬಲ್ಲವರ ಮಕ್ಕಳು ನಾವು.

2

ಮೊದಲು ಕಾಲದ ಲೆಕ್ಕ ಸರಿ ಮಾಡಿಕೊಳ್ಳೋಣ.

ಸುರಪುರದ ಪಕ್ಕದ ಹುಣಸಗಿ, ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯನವರು ದಶಕಗಳ ಕಾಲ ಅಡ್ಡಾಡಿ ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಅಲ್ಲಿಯ ಇಸಾಂಪುರದಲ್ಲಿ ಸುಣ್ಣಕಲ್ಲಿನ ಬಂಡೆ ಒಡೆದು ಆಯುಧ ಮಾಡಿಕೊಳ್ಳುತ್ತಿದ್ದ ಜಾಗ ಸಿಕ್ಕಿತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲನ್ನು ಪರೀಕ್ಷಿಸಿ ಲೆಕ್ಕ ಹಾಕಿದಾಗ ಕಾಲ ಸುಮಾರು 12 ಲಕ್ಷ ವರ್ಷ ಎಂದು ಬಂತು. ಕಾಡುದನ, ಜಿಂಕೆ, ಆಮೆಗಳ ಅವಶೇಷಗಳೂ ಆ ಕಲ್ಲುಗಳ ಜೊತೆಗೇ ಸಿಕ್ಕವು. ಮಳೆಗಾಲದಲ್ಲಿ ಕಣಿವೆ ತುಂಬ ಚದುರಿ ಬದುಕುತ್ತಿದ್ದ ಮಂದಿ ಬ್ಯಾಸಿಗಿಯಲ್ಲಿ ಬತ್ತದ ಒರತೆಗಳ ಸುತ್ತ ಬಂದು ಸೇರುತ್ತಿದ್ದರು ಎಂಬುದು ಪದ್ದಯ್ಯನವರ ವಾದ. ಅವರು ಕಲ್ಲನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಇವತ್ತಿನ ಹಳ್ಳಿಯ ಮಂದಿ ಅಡವಿಯಿಂದ ಏನೇನು ತಂದು ತಿನ್ನುತ್ತಾರೆ ಎಂಬುದನ್ನೂ ಬರೆದುಕೊಂಡರು. ಹಳೆಯ ಹೊಟ್ಟೆಯನ್ನು ತಿಳಿಯಲಿಕ್ಕೆ ಇವತ್ತಿನ ಬಡವರ ಹೊಟ್ಟೆಯನ್ನು ಕೇಳಬೇಕಾಯಿತು.

ಇದು ನಮಗೆ ಹೊಸ ಸುದ್ದಿ ಏನಲ್ಲ. ಹತ್ತರಕಿ, ಗೋಳಿ, ಕಿರಕಸಾಲಿ ಪಲ್ಯ, ಬಾರಿಹಣ್ಣು, ಕವಳಿಹಣ್ಣು, ಗುಡ್ಡದ ಸೀತಾಫಲ, ಹಳ್ಳದ ಏಡಿ, ಮೀನು. ಬರಗಾಲದಲ್ಲಿ ಜೀವ ಹಿಡಿದದ್ದು ಇವುಗಳಿಂದಲೇ. ಇವನ್ನು ಗುರುತಿಸುವ ವಿದ್ಯೆ ನಮ್ಮ ಅವ್ವಂದಿರದು. ಆ ವಿದ್ಯೆಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡಲಿಲ್ಲ. ಈಗ ಅದೇ ಗಿಡಗಳ ಪಟ್ಟಿ ಮಾಡಿದರೆ ಜೀವವೈವಿಧ್ಯ ಅನ್ನುತ್ತಾರೆ.

ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯನವರೇ ಅಗೆಸಿದ ಬೂದಿದಿಬ್ಬ ಇದೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ದನ ಕಾಯುವವರು ಒಂದೆಡೆ ದೊಡ್ಡಿ ಹಾಕಿ, ಸಗಣಿ ಒಟ್ಟಿ, ಸುಟ್ಟು ಉಳಿಸಿದ ಬೂದಿ ಅದು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಹೂಡಿದ್ದಾರೆ. ಬೇಟೆಗಾರ, ದನಗಾಹಿ, ಕಲ್ಲು ಹೂಡಿದವ, ಎಲ್ಲರೂ ಈ ಅಡವಿಯೊಳಗೇ ಬದುಕಿದರು. ಆದ್ದರಿಂದ ಕಾಡು ಎಂದರೆ ಮನುಷ್ಯರಿಲ್ಲದ ಜಾಗ, ಮನುಷ್ಯ ಹೊಕ್ಕಿದ್ದೇ ಕೆಟ್ಟಿತು ಎಂಬ ಮಾತು ಸುರಪುರದ ನೆಲಕ್ಕೆ ಹೊಂದುವುದಿಲ್ಲ. ಇಲ್ಲಿ ಮನುಷ್ಯರಿಲ್ಲದ ಕಾಡನ್ನು ಹುಡುಕಬೇಕಾದರೆ 12 ಲಕ್ಷ ವರ್ಷ ಹಿಂದಕ್ಕೆ ಹೋಗಬೇಕು.

3

ಶಹಾಪುರದ ಗುಡ್ಡಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಇದು ಕಣ್ಣಿಗೆ ಕಂಡ ಚಿತ್ರ. ಆದರೆ ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ, ಅದರ ಮಗ್ಗುಲಿನ ಕನಗನಹಳ್ಳಿಯಲ್ಲಿ ಬೌದ್ಧ ಧರ್ಮ ನಿಜವಾಗಿಯೂ ಬಾಳಿತ್ತು. 1980ರ ದಶಕದಲ್ಲಿ ಸನ್ನತಿಯಲ್ಲಿ ಅಶೋಕನ ಶಾಸನ ಬೆಳಕಿಗೆ ಬಂತು. ಶಾಸನದ ಆ ಕಲ್ಲನ್ನು ದೇವಿಯ ವಿಗ್ರಹಕ್ಕೆ ಪೀಠ ಮಾಡಿಕೊಂಡಿದ್ದರು. ಆಮೇಲೆ ಕನಗನಹಳ್ಳಿಯ ಅಗೆತದಲ್ಲಿ ಅಶೋಕನ ಹೆಸರು ಬರೆದ ಅವನದೇ ಶಿಲ್ಪ ಸಿಕ್ಕಿತು. ಬುದ್ಧನ ನೆಲ ಮಣ್ಣಿನಡಿ ಹೋದದ್ದು ಹೇಗೆ, ದೇವಿಯ ಕಾಲ ಕೆಳಗೆ ಹೋದದ್ದು ಹೇಗೆ ಎಂಬುದು ಬೇರೆಯೇ ಬರೆಯಬೇಕಾದ ಚರಿತ್ರೆ.

ಇಲ್ಲಿ ನಾವು ಹೇಳಬೇಕಾದದ್ದು ಬೇರೆ. ಪ್ರಾಣಿಪಕ್ಷಿಗಳನ್ನು ಕೊಲ್ಲಬೇಡಿ ಎಂದು ರಾಜಾಜ್ಞೆ ಬರೆಸಿ ಕಲ್ಲಿಗೆ ಹಾಕಿದ ಮೊದಲಿಗರಲ್ಲಿ ಅಶೋಕನೊಬ್ಬ. ತನ್ನ ಅಡಿಗೆಮನೆಯಲ್ಲಿ ಮೊದಲು ದಿನಕ್ಕೆ ಲೆಕ್ಕವಿಲ್ಲದಷ್ಟು ಪ್ರಾಣಿ ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಆ ಜಿಂಕೆಯೂ ಯಾವಾಗಲೂ ಇಲ್ಲ ಎಂದು ಅವನ ಮೊದಲ ಬಂಡೆಗಲ್ಲು ಶಾಸನ ಹೇಳುತ್ತದೆ. ತಪ್ಪನ್ನು ತನ್ನ ಒಲೆಯಿಂದಲೇ ಎಣಿಸಲಿಕ್ಕೆ ಹತ್ತಿದ ದೊರೆ ಅಪರೂಪ. ಅವನ ಐದನೇ ಕಂಬಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿ ಇದೆ. ಗಿಳಿ ಇದೆ, ಗೊರವಂಕ ಇದೆ, ಹಂಸ ಇದೆ, ಬೋನಾಳಕ್ಕೆ ಬರುವ ಚಕ್ರವಾಕವೂ ಇದೆ. ಸುಮ್ಮಸುಮ್ಮನೆ ಕಾಡು ಸುಡಬಾರದು ಎಂಬ ಮಾತೂ ಅದರಲ್ಲಿದೆ.

ಅದೇ ಅಶೋಕ ಹದಿಮೂರನೇ ಬಂಡೆಗಲ್ಲು ಶಾಸನದಲ್ಲಿ ತನ್ನ ರಾಜ್ಯದ ಅಡವಿಯ ಮಂದಿಗೂ ಒಂದು ಮಾತು ಹೇಳುತ್ತಾನೆ. ಪಶ್ಚಾತ್ತಾಪ ಪಟ್ಟರೂ ತನಗೆ ದಂಡಿಸುವ ಶಕ್ತಿ ಇದೆ, ಕೆಟ್ಟದ್ದು ಬಿಟ್ಟು ನಡೆಯಿರಿ ಎಂಬುದು ಆ ಮಾತಿನ ಸಾರ. ಹಕ್ಕಿಗೆ ಅಭಯ, ಅಡವಿಯವನಿಗೆ ಎಚ್ಚರಿಕೆ. ನಾವು ಪ್ರೀತಿಸುವ ದೊರೆಯಲ್ಲೂ ಈ ಎರಡು ನಾಲಿಗೆ ಇತ್ತು ಎಂಬುದನ್ನು ಮುಚ್ಚಿಡಬಾರದು. ಮುಂದಿನ ಎರಡು ಸಾವಿರ ವರ್ಷದ ಕಾಯಿದೆಗಳಲ್ಲಿ ಈ ಎರಡನೇ ನಾಲಿಗೆಯೇ ಉದ್ದವಾಗುತ್ತ ಹೋಯಿತು.

4

ಈಗ ಕೆರೆಗೆ ಬರೋಣ.

ಸಂಸ್ಕೃತ ಕಾವ್ಯದ ಹುಟ್ಟಿಗೆ ಕಾರಣ ಒಂದು ಶಾಪ ಎಂದು ಪಂಡಿತರು ಹೇಳುತ್ತ ಬಂದಿದ್ದಾರೆ. ಜೋಡಿ ಕ್ರೌಂಚ ಹಕ್ಕಿಯಲ್ಲಿ ಒಂದನ್ನು ಬೇಡನೊಬ್ಬ ಹೊಡೆದ. ವಾಲ್ಮೀಕಿಯ ಬಾಯಿಂದ ಶಾಪ ಶ್ಲೋಕವಾಗಿ ಬಂತು. ಶಾಪ ಉಳಿಯಿತು, ಕಾವ್ಯ ಉಳಿಯಿತು. ಆ ಬೇಡನ ಒಲೆಯ ಮೇಲೆ ಅವತ್ತು ಏನಿತ್ತು, ಅವನ ಮಕ್ಕಳು ಉಂಡು ಎಷ್ಟು ದಿನ ಆಗಿತ್ತು ಎಂದು ಕೇಳಿದವರಿಲ್ಲ. ಆ ವಾಲ್ಮೀಕಿಯೇ ಮೊದಲು ಬೇಡನಾಗಿದ್ದ ಎಂದೂ ಕಥೆ ಹೇಳುತ್ತಾರೆ. ಬಿಲ್ಲು ಬಿಟ್ಟ ಮೇಲೆ ಋಷಿ, ಬಿಲ್ಲು ಹಿಡಿದಿರುವವರೆಗೆ ಪಾಪಿ.

ಸುರಪುರದ ಬೇಡರು ವಾಲ್ಮೀಕಿಯ ಕುಲದವರು ಎಂದು ಹೇಳಿಕೊಳ್ಳುವವರು. ಹಕ್ಕಿ ಕೊಂದ ಶಾಪ ಹೊತ್ತ ಕುಲದ ದೊರೆ ಪಾಮನಾಯಕ ಬೋನಾಳದಲ್ಲಿ ಕೆರೆ ಕಟ್ಟಿಸಿದ. ಇವತ್ತು ಸಾವಿರಾರು ಹಕ್ಕಿ ಬಂದು ಇಳಿಯುವುದು ಅದೇ ಕೆರೆಗೆ. ಇದರ ಮೇಲೆ ಯಾವ ಪಂಡಿತನೂ ಶ್ಲೋಕ ಬರೆಯಲಿಲ್ಲ.

ಹಾಗಂತ ನಾಯಕರನ್ನು ಹೊತ್ತು ಮೆರೆಸುವುದು ನಮ್ಮ ಕೆಲಸವಲ್ಲ. ಪಾಮನಾಯಕನ ನಂತರ ಬಂದ ಪಿಡ್ಡನಾಯಕ 1705ರಲ್ಲಿ ವಾಗಣಗೇರಿಯಲ್ಲಿ ಔರಂಗಜೇಬನ ಸೈನ್ಯವನ್ನು ತಿಂಗಳುಗಟ್ಟಲೆ ತಡೆದ. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಗುಡ್ಡ, ಕಾಡು, ಬೇಡರ ಕೋವಿ ಮೂರೂ ಸೇರಿ ಆ ಕೋಟೆಯನ್ನು ಕಾದವು. ಇದು ಹೆಮ್ಮೆ ಪಡುವ ಮಾತು. ಆದರೆ ದೊರೆ ಬೇಡನಾದರೂ ದೊರೆಯೇ. ಪಾಳೇಗಾರಿಕೆಯಲ್ಲಿ ಬಿಟ್ಟಿಯೂ ಇತ್ತು, ಜಾತಿಯೂ ಇತ್ತು. ದಖನ್ನಿನ ಕೆರೆಗಳ ಮಣ್ಣು ಅಗೆದವರು, ಕಲ್ಲು ಒಡೆದವರು ಹೆಚ್ಚಾಗಿ ವಡ್ಡರು, ಹೊಲೆಯರು, ಮಾದಿಗರು, ಕೂಲಿಯ ಹೆಣ್ಣುಮಕ್ಕಳು. ಕೆರೆ ತುಂಬಿದ ಮೇಲೆ ಅದರ ನೀರನ್ನು ಮುಟ್ಟಲಿಕ್ಕೆ ಇವರಲ್ಲಿ ಬಹಳ ಮಂದಿಗೆ ಹಕ್ಕಿರಲಿಲ್ಲ. ಹಕ್ಕಿಗಿತ್ತು. ದನಕ್ಕಿತ್ತು. ಏರಿ ಕಟ್ಟಿದ ಕೈಗಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ ಕೆರೆಯ ನೀರು ಮುಟ್ಟಿದ್ದು ಈ ದೇಶದ ಎಲ್ಲ ಕೆರೆಗಳ ಪರವಾಗಿ.

ಕೆರೆ ಎಂದರೆ ತಾನಾಗಿ ಹುಟ್ಟಿದ ನಿಸರ್ಗವಲ್ಲ ಎಂಬುದನ್ನು ನಮ್ಮ ಮಾಸ್ತರರು ಮಕ್ಕಳಿಗೆ ಹೇಳಬೇಕು. ಏರಿ ಕಟ್ಟಿದರೆ ನೀರು ನಿಲ್ಲುತ್ತದೆ. ನೀರು ನಿಂತರೆ ಜಲಗಿಡ, ಹುಳ, ಮೀನು. ಅಂಚಿನ ಕೆಸರಿನಲ್ಲಿ ಕೊಕ್ಕರೆ, ಬಕ, ಕೆಂಬರಲು ಮೇಯುತ್ತವೆ. ಅಂಗಳದ ಜಾಲಿಗಿಡದಲ್ಲಿ ಗೂಡು ಕಟ್ಟುತ್ತವೆ. ಬ್ಯಾಸಿಗಿಯಲ್ಲಿ ಹೂಳೆತ್ತಿ ಹೊಲಕ್ಕೆ ಹಾಕಿದರೆ ಕೆರೆಗೆ ಆಳ, ಹೊಲಕ್ಕೆ ಗೊಬ್ಬರ. ಹೂಳೆತ್ತುವ ಕೈ ನಿಂತರೆ ಕೆರೆ ಬಯಲಾಗುತ್ತದೆ. ಬಯಲಾದರೆ ಹಕ್ಕಿ ಎಲ್ಲಿಗೆ ಬರಬೇಕು? ಪಕ್ಷಿಧಾಮ ಎಂಬುದು ಕೂಲಿಯವರ ದುಡಿಮೆ ಮತ್ತು ಹಕ್ಕಿಯ ಹಾರಾಟ ಒಂದೇ ನೀರಿನಲ್ಲಿ ಕೂಡಿದ ಜಾಗ.

5

ಮೆಡೋಸ್ ಟೇಲರ್ 1840ರ ದಶಕದಿಂದ 1853ರವರೆಗೆ ಸುರಪುರದ ಆಡಳಿತ ನೋಡಿದ. ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು, ಈ ಭಾಗದ ಹಳೆಯ ಸಮಾಧಿಗಳನ್ನು ದಾಖಲು ಮಾಡಿದವನೂ ಅವನೇ. ಅವನ ಆತ್ಮಕಥೆ ಅವನು ಸತ್ತ ಮರುವರ್ಷ, 1877ರಲ್ಲಿ ಪ್ರಕಟವಾಯಿತು. ಕೆಟ್ಟ ಸಾಹೇಬನಲ್ಲ ಎಂದು ಸುರಪುರದ ಹಿರಿಯರು ಹೇಳುತ್ತಾರೆ, ಅವನ ಬಂಗಲೆಗೆ ಟೇಲರ್ ಮಂಜಿಲ್ ಎಂದು ಇವತ್ತಿಗೂ ಹೆಸರಿದೆ. ಇರಲಿ. ಆದರೆ ಅವನು ಪಾಲಿಸಿದ ಬಾಲದೊರೆ ವೆಂಕಟಪ್ಪನಾಯಕ ದೊಡ್ಡವನಾಗಿ ಕಂಪನಿಯ ವಿರುದ್ಧ ಎದ್ದು ನಿಂತ. 1858ರ ಫೆಬ್ರುವರಿಯಲ್ಲಿ ಸುರಪುರ ಇಂಗ್ಲಿಷರ ಕೈಗೆ ಬಿತ್ತು. ವೆಂಕಟಪ್ಪನಾಯಕ ಅದೇ ವರ್ಷ ಸೆರೆಯಲ್ಲಿದ್ದಾಗಲೇ ಗುಂಡಿಗೆ ಸತ್ತ. 1860ರ ಒಪ್ಪಂದದಲ್ಲಿ ಸುರಪುರವನ್ನು ನಿಜಾಮರಿಗೆ ಕೊಟ್ಟರು.

ಅದಕ್ಕೆ ಮೂರು ತಿಂಗಳು ಮುಂಚೆ, 1857ರ ನವೆಂಬರಿನಲ್ಲಿ, ಮುಧೋಳ ಸೀಮೆಯ ಹಲಗಲಿಯ ಬೇಡರು ಬಂಡೆದ್ದಿದ್ದರು. ಕಾರಣ ನಿಶ್ಶಸ್ತ್ರೀಕರಣದ ಕಾಯಿದೆ. ಮನೆಮನೆಯ ಆಯುಧ ತಂದು ಒಪ್ಪಿಸಿರಿ ಎಂದಿತು ಸರಕಾರ. ಬೇಡನಿಗೆ ಆಯುಧ ಎಂದರೆ ಅನ್ನ, ಕಾವಲು, ಮರ್ಯಾದೆ. ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಮುಂದಾಳುಗಳನ್ನು ಗಲ್ಲಿಗೇರಿಸಿದರು.

ಈ ಎರಡು ಘಟನೆಗಳನ್ನು ನಾವು ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಮಾತ್ರ ಓದುತ್ತೇವೆ. ಬೇಟೆಯ ಚರಿತ್ರೆಯಲ್ಲೂ ಇವನ್ನು ಓದಬೇಕು. ಬೇಡನ ಕೈಯಿಂದ ಕೋವಿ ಹೋಯಿತು. ಆ ಕೋವಿ ಎಲ್ಲಿಗೆ ಹೋಯಿತು? ಸಾಹೇಬನ ಕೈಗೆ, ನವಾಬನ ಕೈಗೆ, ಜಾಗೀರದಾರನ ಕೈಗೆ. ಹಸಿವಿಗೆ ಹೊಡೆದವನ ಕೆಲಸಕ್ಕೆ ಕಳ್ಳತನ ಎಂದು ಹೆಸರು ಬಿತ್ತು. ಮೋಜಿಗೆ ಹೊಡೆದವನ ಕೆಲಸಕ್ಕೆ ಶಿಕಾರಿ ಎಂದು ಹೆಸರಾಯಿತು. ಸಾಹೇಬ ಸತ್ತ ಹುಲಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡ. ಕೂಗು ಹಾಕಿ ಹುಲಿಯನ್ನು ಅವನ ಮುಂದಕ್ಕೆ ಓಡಿಸಿದ ಮಂದಿ ಫೋಟೋದ ಅಂಚಿನಲ್ಲಿ ಬರಿಮೈಯಲ್ಲಿ ನಿಂತರು.

ಶಿಕಾರಿಯ ಸಾಹೇಬರೇ ಹಕ್ಕಿಗಳಿಗೆ ಹೆಸರಿಡಲಿಕ್ಕೆ ಕೂತರು. ಇದನ್ನು ಕೇಳಿರಿ. ನಮ್ಮ ಚಕ್ರವಾಕಕ್ಕೆ ಅವರು ಇಟ್ಟ ಹೆಸರು ‘ಬ್ರಾಹ್ಮಿಣಿ ಡಕ್’. ಕೆಂಪು ರೆಕ್ಕೆ, ಬಿಳಿ ತಲೆಯ ಗರುಡಕ್ಕೆ ‘ಬ್ರಾಹ್ಮಿಣಿ ಕೈಟ್’. ಊರಿನ ಕಸ, ಸತ್ತ ಮಾಂಸ ತಿಂದು ಬದುಕುವ ಮಾಮೂಲಿ ಹದ್ದಿಗೆ? ‘ಪರಾಯಾ ಕೈಟ್’! ಅಂದರೆ ಹೊಲೆಯ ಹದ್ದು. ಆಕಾಶದಲ್ಲಿ ಹಾರುವ ಹಕ್ಕಿಗೂ ಕೇರಿ ಬೇರೆ ಮಾಡಿದರು. ಗರುಡ ಕಂಡರೆ ಕೈ ಮುಗಿಯುವ ನಮ್ಮ ಮಂದಿ, ಹದ್ದು ಕಂಡರೆ ಕಲ್ಲು ಎತ್ತುವ ನಮ್ಮ ಮಂದಿ ಸಾಹೇಬನಿಗೆ ಈ ಪಾಠ ಮೊದಲೇ ಕಲಿಸಿದ್ದರು. ವಿಜ್ಞಾನವೂ ಊರಿನ ಅಗಸಿಯಿಂದಲೇ ಒಳಗೆ ಬಂತು.

6

ಹದ್ದಿನ ಮಾತು ಬಂದಾಗ ರಣಹದ್ದಿನ ಮಾತೂ ಆಡಬೇಕು.

ಊರಾಗ ದನ ಸತ್ತರೆ ಹೊತ್ತುಕೊಂಡು ಹೋಗುವವರು ಮಾದಿಗರು. ತೊಗಲು ಸುಲಿದ ಮೇಲೆ ಉಳಿದದ್ದನ್ನು ತಿಂದು ಮುಗಿಸುವುದು ರಣಹದ್ದು. ಊರನ್ನು ರೋಗದಿಂದ ಕಾದವರು ಇವರಿಬ್ಬರು. ಇಬ್ಬರನ್ನೂ ಊರು ಹೊಲಸು ಎಂದಿತು. 1990ರ ದಶಕದಿಂದ ಈ ದೇಶದ ರಣಹದ್ದುಗಳು ಕುಸಿದುಬಿದ್ದವು, ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಹೋದವು. ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಆ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿತು. 2004ರಲ್ಲಿ ವಿಜ್ಞಾನಿಗಳು ಇದನ್ನು ಸಾಬೀತು ಮಾಡಿದರು, 2006ರಲ್ಲಿ ದನದ ಬಳಕೆಗೆ ಆ ಔಷಧಿಯನ್ನು ಸರಕಾರ ನಿಷೇಧಿಸಿತು. ರಣಹದ್ದು ಹೋದ ಮೇಲೆ ಅದರ ಬೆಲೆ ತಿಳಿಯಿತು. ಈಗ ಅದನ್ನು ಉಳಿಸಲಿಕ್ಕೆ ಸಮಿತಿಗಳಿವೆ, ಸಾಕುವ ಕೇಂದ್ರಗಳಿವೆ. ಬರಲಿ, ಉಳಿಯಲಿ. ಸತ್ತ ದನ ಹೊರುವುದನ್ನು ಬಿಡಿರಿ ಎಂದು ಬಾಬಾಸಾಹೇಬರು ಹೇಳಿದ್ದನ್ನು ಪಾಲಿಸಿದವರಿಗೆ ಊರು ಹಾಕಿದ ಬಹಿಷ್ಕಾರದ ಲೆಕ್ಕವನ್ನು ಮಾತ್ರ ಯಾವ ಸಮಿತಿಯೂ ಇಡಲಿಲ್ಲ.

ಹೆಸರಿನ ಆಟ ನೆಲದ ಮೇಲೂ ನಡೆಯಿತು. ನಮ್ಮ ಕಡೆ ಗಾಯರಾಣ ಅನ್ನುತ್ತೇವೆ. ಊರ ದನ, ಕುರಿ ಮೇಯುವ ಹುಲ್ಲುಬಯಲು. ಚಿಗರಿ ಅಲ್ಲೇ, ತೋಳ ಅಲ್ಲೇ. ಸರಕಾರದ ಕಾಗದದಲ್ಲಿ ಇದಕ್ಕೆ ಬಂಜರು ಎಂದು ಹೆಸರು. ಬಂಜರು ಎಂದ ಮೇಲೆ ಯಾರಿಗಾದರೂ ಕೊಡಬಹುದು. 1980ರ ದಶಕದಲ್ಲಿ ಇಂಥ ಬಯಲುಗಳ ಮೇಲೆ ನೀಲಗಿರಿ ನೆಟ್ಟು ಅರಣ್ಯ ಬೆಳೆಸಿದೆವು ಎಂದರು. 1987ರಲ್ಲಿ ಧಾರವಾಡ ಸೀಮೆಯ ಕುಸನೂರಿನಲ್ಲಿ ಮಂದಿ ಕಿತ್ತಿಕೋ ಹಚ್ಚಿಕೋ ಎಂದು ಆ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದ ಮೇಲೆ ಕಾಲುವೆ ನೀರು ಶಹಾಪುರ, ಸುರಪುರದ ಎರೆಹೊಲಕ್ಕೆ ಬಂತು. ಜ್ವಾಳದ ನೆಲದಲ್ಲಿ ಭತ್ತ ಬಂತು. ನೀರು ಬೇಕಾಗಿತ್ತು, ಬಂದದ್ದು ಒಳ್ಳೆಯದೇ. ಆದರೆ ಭೂಮಿ ಇದ್ದವನ ಭೂಮಿಗೆ ನೀರು ಬಂತು. ಭೂಮಿ ಇಲ್ಲದವನ ಪಾಲಿಗೆ ಇದ್ದ ಗಾಯರಾಣವೂ ಸಣ್ಣದಾಯಿತು. ಚಿಗರಿಗೂ ಅದೇ ಗತಿ. ಚಿಗರಿ ಹೊಲಕ್ಕೆ ನುಗ್ಗಿತು ಎಂದು ಬೈಯುವ ರೈತ ತನ್ನ ಹೊಲ ಯಾರ ಬಯಲಾಗಿತ್ತು ಎಂದು ಒಮ್ಮೆ ನೆನೆಯಬೇಕು.

ಇನ್ನೊಂದು ಹೆಸರು. ಹರಣಶಿಕಾರಿ ಎಂಬ ಅಲೆಮಾರಿಗಳು ಇದ್ದಾರೆ. ಬಲೆ, ಉರುಲು ಅವರ ಕಸುಬು. 1871ರಲ್ಲಿ ಇಂಗ್ಲಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದು ಇಂಥ ಎಷ್ಟೋ ಕುಲಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದರು. ವಿಜಾಪುರ, ಗದಗ, ಹುಬ್ಬಳ್ಳಿಯಲ್ಲಿ ತಂತಿಬೇಲಿಯ ಸೆಟ್ಲಮೆಂಟ್ ಮಾಡಿ ಕೂಡಿಹಾಕಿದರು. ಆ ಕಾಯಿದೆ 1952ರಲ್ಲಿ ರದ್ದಾಯಿತು. ಇಪ್ಪತ್ತು ವರ್ಷಕ್ಕೆ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಚಿಗರಿಗೆ ರಕ್ಷಣೆ ಸಿಕ್ಕಿತು, ಸಿಗಬೇಕಾದದ್ದೇ. ಆದರೆ ಬಲೆ ಬಿಡಿಸಿಕೊಂಡ ಕೈಗೆ ಬೇರೆ ಕೆಲಸ ಕೊಡುವ ಕಲಮು ಆ ಕಾಯಿದೆಯಲ್ಲಿ ಇರಲಿಲ್ಲ. ಹುಟ್ಟಿನ ಕಳ್ಳ ಕಸುಬಿನ ಕಳ್ಳನಾದ, ಅಷ್ಟೇ.

7

ನಮ್ಮ ಮಾತನ್ನು ತಿರುಚುವವರು ಇದ್ದಾರೆ. ಹಾಗಾದರೆ ಬೋನಾಳದಲ್ಲಿ ಬಲೆ ಹಾಕಬಹುದೇನು, ಚಿಗರಿ ಹೊಡೆಯಬಹುದೇನು ಎಂದು ಕೇಳುತ್ತಾರೆ. ಬ್ಯಾಡ. ಖಂಡಿತ ಬ್ಯಾಡ. ಹಿಮಾಲಯ ದಾಟಿ ಬಂದ ಹಕ್ಕಿ ನಮ್ಮ ಊರಿನ ಬೀಗ. ನಮ್ಮವನೇ ಬಲೆ ಹಾಕಿದರೂ ತಪ್ಪು ತಪ್ಪೇ. ಮದ್ದೂರು ಸೀಮೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹಳ್ಳಿಯ ಮಂದಿ ಮನೆಯ ಹುಣಸೆಮರದಲ್ಲಿ ಗೂಡು ಕಟ್ಟುವ ಕೊಕ್ಕರೆಯನ್ನು ಬಾಣಂತನಕ್ಕೆ ಬಂದ ಮಗಳು ಎನ್ನುತ್ತಾರೆ. ಆ ಹಕ್ಕಿಗಳನ್ನು ಉಳಿಸಿದ್ದು ಬೇಲಿಯಲ್ಲ, ಊರು.

ನಾವು ಕೇಳುವುದು, ಕಾಯುವ ಕೆಲಸದಲ್ಲಿ ನಮಗೆ ಪಾಲಿದೆಯೋ ಇಲ್ಲವೋ ಎಂದು.

ಪಕ್ಕದ ಚಿಂಚೋಳಿ ಕಾಡನ್ನು ನೋಡಿರಿ. 2011ರಲ್ಲಿ ಸುಮಾರು 135 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮ ಎಂದು ಘೋಷಿಸಿದರು. ಒಣಭೂಮಿಯ ಒಳ್ಳೆಯ ಕಾಡು, ಉಳಿಯಬೇಕು. ಅದರ ಒಳಗೆ ಲಂಬಾಣಿ ತಾಂಡಾಗಳಿವೆ. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ಮಂದಿಗೆ ಹಕ್ಕು ಕೊಡುತ್ತದೆ. ಆದರೆ ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ, ಪಂಗಡದ ಪಟ್ಟಿಯಲ್ಲಿಲ್ಲ. 1991ರಲ್ಲಿ ಬೇಡರಿಗೆ ಪಂಗಡದ ಹೆಸರು ಸಿಕ್ಕಿತು, ಇವರಿಗೆ ಇಲ್ಲ. ಆದ್ದರಿಂದ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಎಂದು ತೋರಿಸಬೇಕು. ಲೆಕ್ಕ ಹಾಕಿರಿ: 1930. ಅದು ನಿಜಾಮರ ಕಾಲ, ದಫ್ತರವೆಲ್ಲ ಉರ್ದುವಿನಲ್ಲಿ. ದನ ಹೊಡಕೊಂಡು ತಿರುಗುತ್ತಿದ್ದ ತಾಂಡಾದ ಅಜ್ಜನ ಹೆಸರನ್ನು ಅದರಲ್ಲಿ ಯಾರು ಬರೆದಿದ್ದರು? ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಒಪ್ಪಬೇಕು ಎಂದು ನಿಯಮ ಹೇಳುತ್ತದೆ. ಕಚೇರಿ ಕೇಳುವುದು ಕಾಗದ. ಅಕ್ಷರ ಕೊಡದೆ ಇಟ್ಟವರು ಅಕ್ಷರದ ಸಾಕ್ಷಿ ಕೇಳುವುದು ಈ ದೇಶದ ಹಳೆಯ ನ್ಯಾಯ.

ಅದೇ ಕಾಯಿದೆಯಲ್ಲಿ ಇನ್ನೊಂದು ಹಕ್ಕಿದೆ, ಬಹಳ ಮಂದಿಗೆ ಗೊತ್ತಿಲ್ಲ. ತಲೆತಲಾಂತರದಿಂದ ಕಾದುಕೊಂಡು ಬಂದ ಸಮುದಾಯದ ಕಾಡನ್ನು ಕಾಯುವ, ಬೆಳೆಸುವ, ಉಳಿಸುವ ಹಕ್ಕು. ವನ್ಯಜೀವಿಗಳಿಗಾಗಿ ಊರು ಎಬ್ಬಿಸಬೇಕಾದರೆ ಗ್ರಾಮಸಭೆ ತಿಳಿದು, ಒತ್ತಾಯವಿಲ್ಲದೆ ಒಪ್ಪಬೇಕು ಎಂಬ ಕಲಮೂ ಇದೆ. ಸಂಘಟನೆಯ ಗೆಳೆಯರು ಈ ಎರಡು ಮಾತನ್ನು ತಾಂಡಾ ತಾಂಡಾಕ್ಕೆ, ಕೇರಿ ಕೇರಿಗೆ ಮುಟ್ಟಿಸಬೇಕು.

ಹಳ್ಳಿಯ ಮಾಸ್ತರರಿಗೂ ನಮ್ಮದೊಂದು ಕೆಲಸ. ಮಕ್ಕಳಿಗೆ ಹೇಳಿರಿ, ಅಜ್ಜ ಅಮ್ಮನ ಹತ್ತಿರ ಕೂತು ಹಕ್ಕಿ, ಗಿಡ, ಪಲ್ಯ, ಹುಳದ ಹೆಸರು ಬರಕೊಂಡು ಬರಲಿ. ಕುರುಬರ ಹುಡುಗನಿಗೆ ತೋಳದ ಹೆಜ್ಜೆ ಗೊತ್ತು, ಕಬ್ಬಲಿಗರ ಹುಡುಗಿಗೆ ಮೀನಿನ ಕಾಲ ಗೊತ್ತು. ಅವರು ತರುವ ಪಟ್ಟಿಯಲ್ಲಿ ಯಾವ ಹಕ್ಕಿಗೂ ಜಾತಿ ಇರುವುದಿಲ್ಲ. ಬೋನಾಳ, ಹುಣಸಗಿ, ಶಹಾಪುರದ ಶಾಲೆಗಳಲ್ಲಿ ಆ ಪಟ್ಟಿ ಗೋಡೆಗೆ ಏರಲಿ.

ಕೆರೆಯ ದಂಡೆಗೆ ಒಂದು ಕಲ್ಲೂ ಬೇಕು. ಪಾಮನಾಯಕನ ಹೆಸರು ಇರಲಿ, ಟೇಲರನ ಹೆಸರೂ ಇರಲಿ. ಅವುಗಳ ಮೇಲೆ ಇನ್ನೊಂದು ಸಾಲು ಬರಲಿ: ಈ ಕೆರೆಯ ಮಣ್ಣು ಹೊತ್ತವರು ಸಾವಿರಾರು ಮಂದಿ, ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ, ಈ ಹಕ್ಕಿಗಳು ಅವರ ಅತಿಥಿಗಳು.